ಒಂಬತ್ತು ಮಂದಿಯ ಮನೆ, ಒಂದೇ ಸಂಬಳ: ಖರ್ಚು ಎಲ್ಲಿ ಇಳಿಸಬಹುದು?

ಪ್ರಶ್ನೆ: ಮಂಗಳೂರು ಹೊರವಲಯದಲ್ಲಿ ಮನೆ. ಆರು ಮಕ್ಕಳು, ನಾವಿಬ್ಬರು, ಅತ್ತೆ. ದುಡಿಯುವವರು ಒಬ್ಬರೇ. ಗ್ಯಾಸು, ಮೀನು, ಕರೆಂಟು ಸಂಬಳವನ್ನೆಲ್ಲ ನುಂಗುತ್ತಿವೆ. ಅದರ ಮೇಲೆ ಕ್ರಿಸ್ಮಸ್ಸು, ಮಗಳ ಮೊದಲ ಪರಮಪ್ರಸಾದ (ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ಸಮಾರಂಭ). "ಹೊರಗೆ ತಿನ್ನಬೇಡಿ" ಅನ್ನುವ ಸಲಹೆ ಬೇಡ, ನಾವು ತಿನ್ನುವುದೇ ಇಲ್ಲ. ಮಾಡಿ ನೋಡಿದವರು ಲೆಕ್ಕ ಸಮೇತ ಹೇಳಿ.

ಕಿನ್ನಿಗೋಳಿಯಿಂದ: ಅಕ್ಕ, ಮೊದಲು ಕುಚ್ಚಲಕ್ಕಿ ಬೇಯಿಸುವ ರೀತಿ ಬದಲಿಸಿ. ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಹತ್ತಿರ ಒಂದು ಗಂಟೆ ಗ್ಯಾಸ್ ಉರಿಯುತ್ತದೆ. ಥರ್ಮಲ್ ಕುಕ್ಕರಿನಲ್ಲಿ, ಅಂದರೆ ಬಿಸಿ ಹಿಡಿದಿಡುವ ಡ್ರಮ್ಮಿನಲ್ಲಿ, ಹದಿನೈದು ನಿಮಿಷದ ಗ್ಯಾಸ್ ಸಾಕು. ಅಕ್ಕಿ ತೊಳೆದು ಒಂದು ಗಂಟೆ ನೆನೆಸಿ. ಒಂದು ಸೇರು ಅಕ್ಕಿಗೆ ನಾಲ್ಕು ಸೇರು ನೀರು. ನೀರು ಕುದಿದ ಮೇಲೆ ಅಕ್ಕಿ ಹಾಕಿ, ಮತ್ತೆ ಕುದಿ ಬಂದಲ್ಲಿಂದ ಹದಿನೈದು ನಿಮಿಷ ಮುಚ್ಚಿ ಬೇಯಿಸಿ, ಹಾಗೆಯೇ ಡ್ರಮ್ಮಿಗೆ ಇಳಿಸಿ. ಒಂದೂವರೆ ಗಂಟೆ ಕಳೆದು ತೆಗೆದು ಬಸಿಯಿರಿ.

ಕೆಡುವುದು ಮೂರು ಕಾರಣಕ್ಕೆ. ಪಾತ್ರೆ ಅರ್ಧ ಖಾಲಿ ಇದ್ದರೆ ಬಿಸಿ ನಿಲ್ಲುವುದಿಲ್ಲ, ಮುಕ್ಕಾಲಾದರೂ ತುಂಬಿರಬೇಕು. ಒಂಬತ್ತು ಮಂದಿಯ ಮನೆಯಲ್ಲಿ ಅದೇನೂ ಕಷ್ಟವಲ್ಲ. ಎರಡನೆಯದು, ಬೆಂದಿದೆಯಾ ಎಂದು ನಡುವೆ ಮುಚ್ಚಳ ತೆರೆಯುವುದು. ಒಮ್ಮೆ ತೆರೆದರೆ ಮತ್ತೆ ಒಲೆಗೇ ಇಡಬೇಕು. ಮೂರನೆಯದು, ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುವುದು. ಅನ್ನ ಮುದ್ದೆಯಾಗುತ್ತದೆ, ಸೆಕೆಗಾಲದಲ್ಲಿ ಹುಳಿ ವಾಸನೆಯೂ ಬರುತ್ತದೆ. ಡ್ರಮ್ ಕೊಳ್ಳಲು ಈಗ ಆಗದಿದ್ದರೆ ದಪ್ಪ ರಟ್ಟಿನ ಪೆಟ್ಟಿಗೆ, ಸುತ್ತ ಬೈಹುಲ್ಲು, ಮೇಲೆ ಹಳೆ ಕಂಬಳಿ. ಕೆಲಸ ಅದೇ, ಅರ್ಧ ಗಂಟೆ ಹೆಚ್ಚು ಇಡಬೇಕು, ಅಷ್ಟೆ. ಬಸಿದ ತಿಳಿಯನ್ನು ಚೆಲ್ಲಬೇಡಿ, ಮಕ್ಕಳ ಹತ್ತಿಯ ಯೂನಿಫಾರ್ಮಿಗೆ ಅದೇ ಗಂಜಿ.

ಸ್ನಾನದ ನೀರಿಗೆ ಗ್ಯಾಸ್ ಮುಟ್ಟಲೇಬೇಡಿ. ಬಚ್ಚಲ ಹಂಡೆ, ಮಡಲು (ತೆಂಗಿನ ಗರಿ), ತೆಂಗಿನ ಸಿಪ್ಪೆ. ಮಳೆಗಾಲದ ಸೌದೆಯನ್ನು ಮೇ ಮುಗಿಯುವುದರೊಳಗೆ ಒಳಗೆ ಒಟ್ಟಿ.

ಮಲ್ಪೆ ಕಡೆಯಿಂದ: ಮೀನಿನ ಖರ್ಚು ಇಳಿಸಲು ಕ್ಯಾಲೆಂಡರ್ ನೋಡಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಹಸಿಮೀನು ಕೊಂಡರೆ ಕೈ ಸುಡುತ್ತದೆ. ಆ ಎರಡು ತಿಂಗಳ ಒಣಮೀನನ್ನು ಏಪ್ರಿಲ್‌ನಲ್ಲೇ ತನ್ನಿ. ತಂದದ್ದನ್ನು ಹಾಗೇ ಡಬ್ಬಕ್ಕೆ ಹಾಕಬೇಡಿ, ಎರಡು ದಿನ ಮತ್ತೆ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಕಾಗದದಲ್ಲಿ ಸುತ್ತಿ ತಗಡಿನ ಡಬ್ಬದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವರುತ್ತದೆ. ಮೈಮೇಲೆ ಕೆಂಪು ಮಚ್ಚೆ ಕಂಡರೆ ತೊಳೆದು ತಿನ್ನಲು ಹೋಗಬೇಡಿ, ಎಸೆಯಿರಿ.

ಒಣಸೀಗಡಿ ನೂರು ಗ್ರಾಂ ಸಾಕು, ಒಂಬತ್ತು ಮಂದಿಗೆ ಒಂದು ಸಾರು. ತೂಕಕ್ಕೆ ಹಲಸಿನ ಬೀಜ, ಇಲ್ಲವೇ ಮಂಗಳೂರು ಸೌತೆ. ಸೌತೆಯನ್ನು ಮಡಲಿನ ಸೀಳಿನಲ್ಲಿ ಕಟ್ಟಿ ಮನೆಯ ಸೂರಿಗೆ ತೂಗುಹಾಕಿ, ಒಂದಕ್ಕೊಂದು ತಾಗಬಾರದು. ತಿಂಗಳುಗಟ್ಟಲೆ ಉಳಿಯುತ್ತದೆ.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಮಾಂಸ ಬಿಟ್ಟು ಅದರ ಬದಲು ದುಬಾರಿ ಅಂಜಲ್ ಮೀನು ತರುವ ಮನೆಗಳಿವೆ ಮಾರಾಯ್ರೆ. ಅಲ್ಲಿ ಉಳಿತಾಯವೂ ಇಲ್ಲ, ತಪಸ್ಸೂ ಇಲ್ಲ. ಶುಕ್ರವಾರಕ್ಕೆ ಹೆಸರುಕಾಳು ಗಸಿ ಸಾಕು. ಆದರೆ ಆ ನಲವತ್ತು ದಿನ ಬಡವರಿಗೆಂದು ತೆಗೆದಿಟ್ಟ ದುಡ್ಡನ್ನು ಮನೆಖರ್ಚಿನ ಉಳಿತಾಯಕ್ಕೆ ಸೇರಿಸಬೇಡಿ, ಅದರ ಲೆಕ್ಕವೇ ಬೇರೆ.

ಬಂಟ್ವಾಳದಿಂದ: ಕರೆಂಟಿನ ವಿಷಯ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮ ತಲೆಗೆ. ದಿನಕ್ಕೆ ಆರೂವರೆ ಯೂನಿಟ್ ಅಂದಾಜು ಇಟ್ಟುಕೊಂಡು, ಪ್ರತಿ ಭಾನುವಾರ ಪೂಜೆಗೆ ಹೊರಡುವ ಮೊದಲು ಮೀಟರ್ ಓದಿ ಬರೆದಿಡಿ. ವಾರಕ್ಕೆ 45 ದಾಟಿದರೆ ಎಚ್ಚರ. ಜೊತೆಗೆ ನಿಮ್ಮ ಮನೆಗೆ ನಿಗದಿಯಾದ ಉಚಿತ ಯೂನಿಟ್ ಎಷ್ಟೆಂದು ಬಿಲ್‌ನಲ್ಲೇ ನೋಡಿ, ಅದರ ಮೇಲಿನದ್ದಕ್ಕೂ ದುಡ್ಡಿದೆ.

ದೊಡ್ಡ ಮನೆಯಲ್ಲಿ ಹೆಚ್ಚಾಗಿ ತಪ್ಪಿತಸ್ಥ ಬಾವಿಯ ಪಂಪು. ಒಂದು ಎಚ್‌ಪಿ ಪಂಪು ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ಸ್ವಿಚ್ ಹಾಕಿದ ಮೇಲೆ ನೀರು ಬರಲು ತಡವಾದರೆ, ಪ್ರತಿ ಸಲ ಮೇಲಿನಿಂದ ನೀರು ಹೊಯ್ದು ಪಂಪು ಎಬ್ಬಿಸಬೇಕಾದರೆ, ಬಾವಿಯೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್ ಸೋರುತ್ತಿದೆ. ಒಳಗಿನ ವಾಷರ್ ಸವೆದಿರುತ್ತದೆ, ಇಲ್ಲವೇ ಕಸ ಸಿಕ್ಕಿರುತ್ತದೆ. ಇಸ್ತ್ರಿಯೂ ಗಂಟೆಗೆ ಒಂದು ಯೂನಿಟ್. ವಾರದ ಯೂನಿಫಾರ್ಮು ಒಟ್ಟಿಗೆ ಹಾಕಿ. ದಿನಕ್ಕೆರಡು ಅಂಗಿ ಹಾಕಿದರೆ ಕಾಯುವುದಕ್ಕೇ ಅರ್ಧ ಕರೆಂಟು ಹೋಗುತ್ತದೆ.

ಮೂಡುಬೆಳ್ಳೆಯಿಂದ: ಕುಸ್ವಾರಿಗೆ, ಅಂದರೆ ಕ್ರಿಸ್ಮಸ್ ತಿಂಡಿಗಳಿಗೆ, ಮೂರು ಮನೆ ಸೇರಿ. ಒಂದೊಂದು ಮನೆ ಒಂದೊಂದು ಬಗೆ ಮಾಡಿ ಹಂಚಿಕೊಳ್ಳುವುದು: ಒಬ್ಬರು ಕಿಡಿಯೊ (ಸುರುಳಿ ಹಿಟ್ಟಿನ ಕರಿದ ತಿಂಡಿ), ಒಬ್ಬರು ನೆವ್ರಿ (ಕರ್ಜಿಕಾಯಿ), ಒಬ್ಬರು ಚಕ್ಕುಲಿ. ಪ್ರತಿಯೊಬ್ಬರೂ ನಾಲ್ಕು ಬಗೆ ಮಾಡಿದರೆ ಹಿಟ್ಟಿಗಿಂತ ಕೊನೆಗೆ ಬಾಣಲೆಯಲ್ಲಿ ಉಳಿಯುವ ಎಣ್ಣೆಯೇ ನಷ್ಟ. ಒಂದೇ ಎಣ್ಣೆಯಲ್ಲಿ ಎಲ್ಲ ಕರಿಯುವುದಾದರೆ ಕಿಡಿಯೊ ಮೊದಲು, ಚಕ್ಕುಲಿ ಆಮೇಲೆ, ನೆವ್ರಿ ಕೊನೆಗೆ. ನೆವ್ರಿಯ ಅಂಚು ಬಿಟ್ಟು ಸಕ್ಕರೆ, ಎಳ್ಳು ಉದುರಿದರೆ ಎಣ್ಣೆ ಸೀದು ಕಪ್ಪಾಗುತ್ತದೆ. ಅಂಚಿಗೆ ನೀರು ಸವರಿ ಒತ್ತಿ. ಹೂರಣಕ್ಕೆ ಹಸಿ ತೆಂಗಿನತುರಿಯನ್ನು ಗರಿಗರಿಯಾಗುವ ತನಕ ಹುರಿಯದಿದ್ದರೆ ಹೊಸ ವರ್ಷದೊಳಗೆ ಕಮಟು ವಾಸನೆ ಖಂಡಿತ. ಕಿಡಿಯೊ ಹಿಟ್ಟು ಚಪಾತಿ ಹಿಟ್ಟಿಗಿಂತ ಗಟ್ಟಿ ಇರಲಿ, ಮೆತ್ತಗಾದಷ್ಟೂ ಎಣ್ಣೆ ಕುಡಿಯುತ್ತದೆ.

ಪರಮಪ್ರಸಾದದ ಬಿಳಿ ಫ್ರಾಕ್ ಕೊಳ್ಳುವ ಮೊದಲು ನಿಮ್ಮ ವಾಡೆಯ (ಚರ್ಚ್ ವಾರ್ಡಿನ) ಮುಖಂಡರಾದ ಗುರ್ಕಾರರನ್ನು ಕೇಳಿ. ಒಂದೇ ದಿನ ಹಾಕಿ ಕಪಾಟಿಗೆ ಸೇರಿದ ಫ್ರಾಕುಗಳು ಎಷ್ಟೋ ಮನೆಗಳಲ್ಲಿವೆ. ಕೇಳಲು ನಾಚಿಕೆ ಬೇಡ, ಹಿಂದಿರುಗಿಸುವಾಗ ಚೆನ್ನಾಗಿರಬೇಕು, ಅಷ್ಟೆ. ಮೇಣ ಬಿದ್ದಿದ್ದರೆ ಐಸು ಇಟ್ಟು ಗಟ್ಟಿ ಮಾಡಿ ಕೆರೆದು, ಮೇಲೆ ಕೆಳಗೆ ಬಿಳಿ ಕಾಗದವಿಟ್ಟು ಹದ ಬಿಸಿಯ ಇಸ್ತ್ರಿ ಒತ್ತಿ. ಉಳಿದ ಮೇಣ ಕಾಗದಕ್ಕೆ ಬರುತ್ತದೆ. ಬಟ್ಟೆ ನೈಲಾನಾದರೆ ಇಸ್ತ್ರಿ ಬಹಳ ಕಡಿಮೆ ಬಿಸಿ. ಗಂಜಿ ಹಾಕಿ ಎತ್ತಿಡಬೇಡಿ, ಬೆಳ್ಳಿಹುಳ ತಿನ್ನುತ್ತದೆ.

ಕುಂದಾಪುರದಿಂದ: ಎಣ್ಣೆಯನ್ನು ಯಾರೂ ಹೇಳಲಿಲ್ಲ. ಮನೆಯಲ್ಲಿ ನಾಲ್ಕು ತೆಂಗಿನಮರ ಇದ್ದರೂ ಕೊಬ್ಬರಿ ಮಾಡಿ ಗಾಣಕ್ಕೆ ಕೊಡಿ. ಒಂದು ಕೆಜಿಗೆ ಆರುನೂರು ಗ್ರಾಂ ಆಚೀಚೆ ಎಣ್ಣೆ ಸಿಗುತ್ತದೆ, ಹಿಂಡಿ ಕೋಳಿಗಾಗುತ್ತದೆ. ಬಗ್ಗಿಸಿದರೆ ಕೊಬ್ಬರಿ ಟಕ್ಕೆಂದು ಮುರಿಯಬೇಕು. ರಬ್ಬರಿನ ಹಾಗೆ ಬಾಗಿದರೆ ಇನ್ನೂ ನೀರಿದೆ, ಅದರ ಎಣ್ಣೆ ಮೂರು ತಿಂಗಳೂ ನಿಲ್ಲದು. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಮುಗಿಸಿ. ಮಳೆ ಹಿಡಿದರೆ ಅಟ್ಟದ ಹೊಗೆಯೇ ಗತಿ, ಆಗ ಎಣ್ಣೆಗೂ ಹೊಗೆವಾಸನೆ.