ಮಾರುತಿ 800 ಪಿಸ್ಟನ್ ಬಿಚ್ಚಿ ಜೋಡಿಸಿದವರು ಯಾರಾದ್ರೂ ಇದ್ದೀರಾ?

ಪ್ರಶ್ನೆ: ಅಪ್ಪನ ಹಳೇ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ನೀಲಿ ಹೊಗೆ, ತಿಂಗಳಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತೆ. ಎಂಜಿನ್ ಇಳಿಸಿ ಹೆಡ್, ಆಯಿಲ್ ಚೇಂಬರ್ ಬಿಚ್ಚಿದ್ದೇನೆ. ಪಿಸ್ಟನ್, ಕನೆಕ್ಟಿಂಗ್ ರಾಡ್‌ಗೆ ಕೈ ಹಾಕುತ್ತಿರುವುದು ಇದೇ ಮೊದಲು. ಅನುಭವ ಇದ್ದವರು ಹೇಳಿ.

ಉತ್ತರ: ಸರ್, ನಟ್ ಮುಟ್ಟುವ ಮುಂಚೆ ಗುರುತು ಹಾಕಿ. ಮೂರೂ ರಾಡಿಗೆ, ಅದರದರ ಕ್ಯಾಪಿಗೆ (ರಾಡನ್ನು ಕ್ರ್ಯಾಂಕ್ ದಂಡಕ್ಕೆ ಹಿಡಿಸುವ ಕೆಳಗಿನ ತುಂಡು), ಒಂದೇ ಪಕ್ಕಕ್ಕೆ ಬರುವ ಹಾಗೆ ಮೆಲ್ಲಗೆ ಪಂಚ್ ಹೊಡೆಯಿರಿ. ರಾಡ್ ಮತ್ತು ಕ್ಯಾಪ್ ಜೋಡಿಸಿಟ್ಟೇ ಬೇರಿಂಗ್ ಕೂರುವ ತೂತು ಕೊರೆದಿರುತ್ತಾರೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಹೋದರೆ ತೂತು ದುಂಡಗೆ ಉಳಿಯಲ್ಲ. ನಾನು ಮೊದಲ ಸಲ ಎಲ್ಲವನ್ನೂ ಒಂದೇ ಟ್ರೇಗೆ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದೆ. ಫಳಫಳ ಹೊಳೀತಿತ್ತು, ಖುಷಿಪಟ್ಟಿದ್ದೇ ಬಂತು! ಜೋಡಿಸಿ ಬಿಗಿ ಮಾಡಿದರೆ ಕ್ರ್ಯಾಂಕ್ ಅಲ್ಲಾಡಲೇ ಇಲ್ಲ. ಈಗ ಒಂದೊಂದು ಕ್ಯಾಪ್ ಬಿಗಿ ಮಾಡಿದಾಗಲೂ ಕ್ರ್ಯಾಂಕ್ ಒಂದು ಸುತ್ತು ತಿರುಗಿಸುತ್ತೇನೆ. ಹಿಡಿದದ್ದು ಯಾವುದು ಅಂತ ಅಲ್ಲೇ ಗೊತ್ತಾಗುತ್ತೆ.

ಇನ್ನೊಬ್ಬರು: ಬೋರಿನ, ಅಂದರೆ ಪಿಸ್ಟನ್ ಆಡುವ ಕೊಳವೆಯ, ಮೇಲ್ಗಡೆ ಉಗುರು ಆಡಿಸಿ. ತಡೆಯುತ್ತಾ? ಪಿಸ್ಟನ್ ಸುತ್ತಲಿನ ರಿಂಗ್ ಮುಟ್ಟದ ಜಾಗ ಸವೆಯದೆ ಉಳಿದ ಅಂಚು ಅದು. ಬರೀ ಕಾರ್ಬನ್ ಆದರೆ ಕೆರೆದರೆ ಹೋಗುತ್ತೆ. ಕಬ್ಬಿಣವೇ ಆದರೆ ಅದನ್ನು ತೆಗೆಯದೆ ಪಿಸ್ಟನ್ ಮೇಲಕ್ಕೆ ತಳ್ಳಬೇಡಿ, ರಿಂಗ್ ಕೂರುವ ಅಂಚು ಮುರಿಯುತ್ತೆ. ಅಷ್ಟು ಸವೆದ ಬೋರಿಗೆ ಸುಮ್ನೆ ಹೊಸ ರಿಂಗ್ ಹಾಕಿದರೆ ದುಡ್ಡು ದಂಡ. ಅಳತೆ ನೋಡಿಸಿ, ಕಂಪನಿ ಅಳತೆ 68.5 ಮಿ.ಮೀ. ಬೋರಿಂಗ್ (ಬೋರ್ ಕೊರೆದು ಅಗಲ ಮಾಡುವುದು) ಬೇಕಾದರೆ ಓವರ್‌ಸೈಜ್, ಅಂದರೆ ಸ್ವಲ್ಪ ದಪ್ಪದ ಪಿಸ್ಟನ್ ಮೊದಲು ತಂದು ಲೇತಿನವರ ಕೈಗೆ ಕೊಡಿ, ಆಮೇಲೆ ಬೋರ್ ಮಾಡಲಿ. ಬೆಂಗಳೂರಾದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹೇಗೂ ಹೆಡ್ ಬಿಚ್ಚಿದೆ ಅಲ್ವಾ, ವಾಲ್ವ್ ಸೀಲ್ ಕೂಡ ಬದಲಾಯಿಸಿ. ನೀಲಿ ಹೊಗೆಗೆ ಅದೂ ಕಾರಣ ಇರಬಹುದು.

ಮತ್ತೊಬ್ಬರು: ರಾಡ್ ಬೋಲ್ಟಿಗೆ ಪೆಟ್ರೋಲ್ ಪೈಪಿನ ತುಂಡು ತೊಡಿಸಿ, ಇಲ್ಲದಿದ್ದರೆ ಕ್ರ್ಯಾಂಕ್ ಮೇಲೆ ಗೀರು ಬೀಳುತ್ತೆ. ಪಿಸ್ಟನ್ ತಳ್ಳಲು ಸುತ್ತಿಗೆಯ ಮರದ ಹಿಡಿ ಸಾಕು. ವಾಪಸ್ ಹಾಕುವಾಗ ಪಿಸ್ಟನ್ ತಲೆಯ ಬಾಣ ಕ್ರ್ಯಾಂಕ್ ಪುಲ್ಲಿ ಕಡೆಗೆ. ರಿಂಗಿನ ಅಕ್ಷರ ಮೇಲಕ್ಕೆ. ರಿಂಗ್ ಬಾಯಿಗಳು (ತುದಿಗಳ ನಡುವಿನ ಸಂದು) ಒಂದರ ಕೆಳಗೊಂದು ಬರಬಾರದು. ರಿಂಗ್ ಅದುಮಿ ಹಿಡಿಯುವ ಪಟ್ಟಿ, ರಿಂಗ್ ಕಂಪ್ರೆಸರ್ ಹಾಕಿ ಮೆಲ್ಲಗೆ ತಟ್ಟುವಾಗ ತಟ್ಟನೆ ನಿಂತರೆ ಜೋರಾಗಿ ಹೊಡೆಯಬೇಡಿ. ಸಾಮಾನ್ಯವಾಗಿ ರಿಂಗ್ ಹೊರಗೆ ಜಾರಿರುತ್ತೆ. ತೆಗೆದು ಮತ್ತೆ ಕೂರಿಸಿ. ನಾನು ಹೊಡೆದೆ. ಮಧ್ಯದ ರಿಂಗ್ ಎರಡು ತುಂಡಾಯಿತು, ಒಂದು ರಿಂಗ್ ಬಿಡಿಯಾಗಿ ಯಾರೂ ಕೊಡಲಿಲ್ಲ, ಪೂರ್ತಿ ಸೆಟ್ ತಂದೆ.

ಪ್ರಶ್ನೆ ಕೇಳಿದವರು: ಪಂಚ್ ಹೊಡೆದಾಯ್ತು. ಎರಡನೇ ಬೋರಿನಲ್ಲಿ ಉಗುರು ಚೆನ್ನಾಗೇ ತಡೆಯುತ್ತಿದೆ, ಕೆರೆದರೂ ಹೋಗಲಿಲ್ಲ. ಅಂಚು ತೆಗೆಸಿ ಬಿಚ್ಚುತ್ತೇನೆ. ಸೋಮವಾರ ಬ್ಲಾಕ್ ಲೇತಿಗೆ.