ಅಪ್‌ಡೇಟ್: ಬಿಳಿ ಬುಡದ ಸಿಟ್ರಿನ್ ಗೊಂಚಲು

ತುದಿ ಗಾಢ ಕಿತ್ತಳೆ, ಬುಡ ಬಿಳಿ ಇರುವ ಹರಳಿನ ಗೊಂಚಲು ನೈಸರ್ಗಿಕ ಸಿಟ್ರಿನ್ನೇ (ಹಳದಿ ಬಣ್ಣದ ಕ್ವಾರ್ಟ್ಜ್ ಹರಳು) ಎಂದು ಕೇಳಿದ್ದೆ. ಅಲ್ಲ, ಅದು ಬಿಸಿ ಮಾಡಿದ ಅಮೆಥಿಸ್ಟ್ (ನೇರಳೆ ಬಣ್ಣದ ಕ್ವಾರ್ಟ್ಜ್). ಸುಮಾರು 450 ಡಿಗ್ರಿ ಸೆಲ್ಸಿಯಸ್‌ ಶಾಖಕ್ಕೆ ನೇರಳೆ ಹೋಗಿ ಹಳದಿ, ಕಿತ್ತಳೆ ಬರುತ್ತದೆ. ಅಮೆಥಿಸ್ಟ್‌ನ ಬಣ್ಣ ತುದಿಯಲ್ಲೇ ದಟ್ಟವಾಗಿರುವುದರಿಂದ ಬುಡ ಬಿಳಿಯಾಗೇ ಉಳಿಯುತ್ತದೆ. ನೈಸರ್ಗಿಕ ಸಿಟ್ರಿನ್ ಸಾಮಾನ್ಯವಾಗಿ ಬಿಡಿ ಹರಳು, ತೆಳು ಹಳದಿ, ಕೆಲವೊಮ್ಮೆ ಹೊಗೆಬಣ್ಣದ ಛಾಯೆ.

ಸಾಂದ್ರತೆ ನೋಡಿ ಎಂದವರಿಗೆ: ಒಣ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ 2.65 ಬರುತ್ತದೆ. ಆದರೆ ಬಿಸಿ ಮಾಡಿದ್ದಕ್ಕೂ ಅದೇ ಅಂಕಿ! ಇದರಿಂದ ಹೆಚ್ಚೆಂದರೆ ಗಾಜಿನ ನಕಲಿ ಸಿಕ್ಕಿಬೀಳುತ್ತದೆ. ಗಾಜಿಗೆ ಲೆನ್ಸ್‌ನಲ್ಲಿ ದುಂಡು ಗುಳ್ಳೆ ಹುಡುಕುವುದೇ ಸುಲಭ.

ನಿಜಕ್ಕೂ ನೆರವಾದದ್ದು ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ). ಬಿಳಿ ಬೆಳಕಿನೆದುರು ಹರಳನ್ನು ಅಡ್ಡಲಾಗಿ ಹಿಡಿದು ಹಾಳೆ ತಿರುಗಿಸಿ. ನೈಸರ್ಗಿಕ ಸಿಟ್ರಿನ್‌ನಲ್ಲಿ ಹಳದಿ ತುಸು ಏರಿಳಿಯುತ್ತದೆ, ಬಿಸಿ ಮಾಡಿದ್ದರಲ್ಲಿ ಬದಲಾವಣೆ ಕಾಣುವುದಿಲ್ಲ. ತೀರಾ ತೆಳು ಬಣ್ಣದ ಹರಳಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಸಿಗದು. ಅದಕ್ಕೆ ಲ್ಯಾಬ್ ಬೇಕು.