ಹುಬ್ಬಳ್ಳಿ-ಧಾರವಾಡಕ್ಕೆ ಸ್ವಂತ ಜೂ ಬೇಕಾ? ಪಶುವೈದ್ಯರನ್ನು ಕೇಳಿ

ಅಡ್ಮಿನ್: ಗೆಳೆಯರೇ, ಅವಳಿ ನಗರಕ್ಕೂ ಒಂದು ಮೃಗಾಲಯ ಬೇಕು ಅಂತ ಗುಂಪಿನಲ್ಲಿ ವಾರದಿಂದ ಚರ್ಚೆ ನಡೆದಿದೆ. ಮೃಗಾಲಯಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಪಶುವೈದ್ಯೆಯೊಬ್ಬರು ನಮ್ಮ ಗುಂಪಿನಲ್ಲೇ ಇದ್ದಾರೆ. ಇವತ್ತು ಉತ್ತರ ಕೊಡಲು ಒಪ್ಪಿದ್ದಾರೆ. ಹೆಸರು ಬೇಡ, ಬಡಾವಣೆ ಹಾಕಿದರೆ ಸಾಕು. ದಯವಿಟ್ಟು ಮೇಲಿನದನ್ನು ಓದಿ ಆಮೇಲೆ ಕೇಳಿ.

ವಿದ್ಯಾನಗರ: ನಮಸ್ಕಾರ ಮೇಡಂ. 2011ರ ಜನಗಣತಿಯಲ್ಲೇ ನಮ್ಮ ಊರಿನ ಜನಸಂಖ್ಯೆ 9.4 ಲಕ್ಷ ಇತ್ತು. ಮೈಸೂರಿಗೆ ಜೂ ಇದೆ, ಬೆಂಗಳೂರಿಗೆ ಇದೆ, ಶಿವಮೊಗ್ಗಕ್ಕೆ ಇದೆ, ಗದಗಕ್ಕೂ ಇದೆ. ನಮಗೆ ಯಾಕಿಲ್ಲ?

ಡಾಕ್ಟರ್: ನಮಸ್ಕಾರ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬೇಡ. ಊರು ಬೆಳೆಯಿತು ಅನ್ನುವುದು ಜೂ ಕಟ್ಟಲು ಕಾರಣವಲ್ಲ. ಗದಗದ ಬಿಂಕದಕಟ್ಟಿ ಜೂ ಹುಬ್ಬಳ್ಳಿ-ಗದಗ ರಸ್ತೆಯಲ್ಲೇ ಇದೆ, ಗಂಟೆಯ ದಾರಿ. ಧಾರವಾಡದಿಂದ ಆ ಕಡೆ ಹೋದರೆ ಬೆಳಗಾವಿ ದಾಟಿದ ಮೇಲೆ ಭೂತರಾಮನಹಟ್ಟಿ ಜೂ. ನಡುವೆ ಇನ್ನೊಂದು ಕಟ್ಟಿದರೆ ಮೂರಕ್ಕೂ ಅರೆಹೊಟ್ಟೆ.

ಕಟ್ಟಡಕ್ಕೆ ಒಂದು ಸಲ ದುಡ್ಡು ಸಿಗುತ್ತದೆ. ಆಮೇಲೆ? ದೊಡ್ಡ ಹುಲಿಗೆ ದಿನಕ್ಕೆ ಸುಮಾರು 10 ಕಿಲೋ ಮಾಂಸ ಬೇಕು. ವಾರಕ್ಕೊಂದು ಉಪವಾಸದ ದಿನ ಕಳೆದರೂ ವರ್ಷಕ್ಕೆ 3 ಟನ್ ದಾಟುತ್ತದೆ. ಅದು ಹದಿನೈದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬದುಕುತ್ತದೆ. 1892ರಿಂದ ನಡೆದುಬಂದ ಮೈಸೂರು ಮೃಗಾಲಯಕ್ಕೇ ಕಷ್ಟ ತಪ್ಪಿಲ್ಲ. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದು ಬಾಗಿಲು ಹಾಕಬೇಕಾಯಿತು. 2020ರ ಲಾಕ್‌ಡೌನ್‌ನಲ್ಲಿ ಟಿಕೆಟ್ ದುಡ್ಡು ನಿಂತಾಗ ದಾನಿಗಳನ್ನು ಕೇಳಬೇಕಾಯಿತು. ಟಿಕೆಟ್ ಮಾರಾಟ ಆಗದ ದಿನವೂ ಪ್ರಾಣಿಗೆ ಊಟ ಹಾಕಲೇಬೇಕು.

ಕೇಶ್ವಾಪುರ: ಮೇಡಂ, ಜಿರಾಫೆ ತರಿಸಬಹುದಾ? ಮಕ್ಕಳಿಗೆ ತುಂಬಾ ಇಷ್ಟ.

ಡಾಕ್ಟರ್: ಮೈಸೂರಿಗೆ ಹೋಗಿ ತೋರಿಸಿ.

ಗೋಕುಲ ರಸ್ತೆ: ಆನೆಯಾದರೂ ಇರಲಿ ಅಲ್ವಾ?

ಡಾಕ್ಟರ್: ಇಲ್ಲ. ಜೂ ಮತ್ತು ಸರ್ಕಸ್‌ಗಳಲ್ಲಿರುವ ಆನೆಗಳನ್ನು ಶಿಬಿರಗಳಿಗೆ ಕಳಿಸಿ ಅಂತ ಕೇಂದ್ರ ಮೃಗಾಲಯ ಪ್ರಾಧಿಕಾರ 2009ರಲ್ಲೇ ಹೇಳಿದೆ. ಹೊಸ ಜೂಗೆ ಆನೆಯ ಆಸೆ ಬಿಡಿ.

ಸಪ್ತಾಪುರ: ಕಟ್ಟುವುದಾದರೆ ಧಾರವಾಡದಲ್ಲೇ ಕಟ್ಟಲಿ. ಇಲ್ಲಿ ಹಸಿರು ಇದೆ, ತಂಪು ಇದೆ.

ಉಣಕಲ್: ಎಲ್ಲಾ ಧಾರವಾಡಕ್ಕೇ ಬೇಕು ನಿಮಗೆ. ವಿಶ್ವವಿದ್ಯಾಲಯ ನಿಮಗೆ, ಹೈಕೋರ್ಟ್ ಪೀಠ ನಿಮಗೆ, ಈಗ ಜೂನೂ?

ಸಪ್ತಾಪುರ: ವಿಮಾನ ನಿಲ್ದಾಣ, ರೈಲ್ವೆ ವಲಯದ ಕಚೇರಿ ಎಲ್ಲಿವೆ ಸ್ವಾಮಿ? ಅದನ್ನೂ ಹೇಳಿ.

ಅಡ್ಮಿನ್: ಇಬ್ಬರೂ ಈ ವಿಷಯ ಇಲ್ಲಿಗೆ ಬಿಡಿ.

ಟ್ರಸ್ಟ್ ಸದಸ್ಯ: ಮೇಡಂ, ನಮ್ಮ ಊರಿನ ಹೆಸರು ಬೇಡ. ನಮ್ಮ ಟ್ರಸ್ಟ್ ಜಾಗದಲ್ಲಿ ಹಿರಿಯರ ಕಾಲದಿಂದ ಚುಕ್ಕೆ ಜಿಂಕೆಗಳಿವೆ. ನಾಲ್ಕಿದ್ದವು, ಈಗ 19 ಆಗಿವೆ. ಅರ್ಧ ಎಕರೆ ಜಾಗ. ಹೊಸ ಜೂ ಆದರೆ ಕೊಡಬಹುದು ಅಂತ ಕಾಯುತ್ತಿದ್ದೆವು. ಆದರೆ ನಿನ್ನೆಯಿಂದ ಮೂರು ಸತ್ತಿವೆ. ಒಂದರ ಬಾಯಲ್ಲಿ ನೊರೆ ಇತ್ತು. ಒಬ್ಬರು ವಾಟ್ಸಾಪ್‌ನಲ್ಲಿ ಬಂದ ಔಷಧಿ ಕಳಿಸಿದ್ದಾರೆ. ಗಳಲೆ ರೋಗಕ್ಕೆ ಬೆಳ್ಳುಳ್ಳಿ, ಅರಿಶಿನ, ಕರಿಮೆಣಸು ಕುದಿಸಿ ಬಿದಿರಿನ ಗೊಟ್ಟದಲ್ಲಿ ಕುಡಿಸಬೇಕಂತೆ. ಕುಡಿಸಬಹುದಾ?

ಡಾಕ್ಟರ್: ಕುಡಿಸಬೇಡಿ! ಮೊದಲು ಇದನ್ನು ಓದಿ, ಆಮೇಲೆ ಬೇರೆಯವರ ಪ್ರಶ್ನೆ.

ಗಳಲೆ ಅಂದರೆ ದನ, ಎಮ್ಮೆಗಳಿಗೆ ಬರುವ ಸೋಂಕು. ಅದರಲ್ಲಿ ಗಂಟಲು ಬಾತಿರುತ್ತದೆ, ಪ್ರಾಣಿಗೆ ನುಂಗಲು ಆಗುವುದಿಲ್ಲ. ಬಲವಂತವಾಗಿ ಸುರಿದ ಕಷಾಯ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಇನ್ನೂ ಒಂದು ಅಪಾಯ ಇದೆ. ಜಿಂಕೆ ಎಮ್ಮೆ ಅಲ್ಲ. ಅಟ್ಟಿಸಿ ಹಿಡಿದರೆ, ಅದುಮಿದರೆ ಹೆದರಿಕೆಗೇ ಅದರ ಸ್ನಾಯುಗಳು ಹಾಳಾಗುತ್ತವೆ. ಹಾಳಾದ ಸ್ನಾಯುಗಳಿಂದ ಬರುವ ವಿಷ ಮೂತ್ರಪಿಂಡಕ್ಕೆ ಹೋಗುತ್ತದೆ. ಅವತ್ತು ಚೆನ್ನಾಗಿ ಕಂಡದ್ದು ಎರಡು ದಿನ ಬಿಟ್ಟು ಸಾಯುತ್ತದೆ. ಆಗ ಔಷಧಿ ತಡವಾಯಿತು ಅನ್ನುತ್ತಾರೆ. ಹಿಡಿದದ್ದೇ ಕೊಂದಿರುತ್ತದೆ.

ಸತ್ತವುಗಳನ್ನು ಕೊಯ್ಯಬೇಡಿ, ಚರ್ಮ ಮುಟ್ಟಬೇಡಿ, ನಾಯಿ ಹತ್ತಿರ ಬರದಂತೆ ನೋಡಿಕೊಳ್ಳಿ. ಹೀಗೆ ದಿಢೀರ್ ಸತ್ತಾಗ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಅಲ್ಲ ಅಂತ ಖಚಿತ ಆಗಬೇಕು. ಅದು ಮನುಷ್ಯರಿಗೂ ಬರುತ್ತದೆ. ಹೆಣ ಸೀಳಿದರೆ ಅದರ ಬೀಜಾಣು ಮಣ್ಣು ಸೇರಿ ದಶಕಗಟ್ಟಲೆ ಉಳಿಯುತ್ತದೆ. ವೈದ್ಯರು ಬಂದು ಕಿವಿಯ ರಕ್ತದ ಲೇಪ ನೋಡಿ, ಆಮೇಲೆ ತೆರೆಯಬಹುದಾ ಇಲ್ಲವಾ ಹೇಳುತ್ತಾರೆ.

ಈಗಲೇ 1926ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆಯದು. 1962ಕ್ಕೂ ಮಾಡಿ, ಪಶುಪಾಲನೆಯದು. ಆಮೇಲೆ ನನಗೆ ಇಷ್ಟು ಹೇಳಿ: ಮೂಗು, ಗುದದಿಂದ ರಕ್ತ ಬಂದಿತ್ತಾ? ಕತ್ತು ಬಾತಿತ್ತಾ ಅಥವಾ ಹೊಟ್ಟೆ ಉಬ್ಬಿತ್ತಾ? ಕಳೆದ ಎರಡು ದಿನ ಏನು ತಿಂದಿದ್ದವು? ಪಕ್ಕದಲ್ಲಿ ದನ ಮೇಯುತ್ತವಾ?

ನವನಗರ: ಮೇಡಂ, ಮನೆಮದ್ದನ್ನು ಇಷ್ಟು ಕೀಳಾಗಿ ಮಾತಾಡಬಾರದು. ನಮ್ಮ ಅಜ್ಜ ಇದೇ ಕಷಾಯದಿಂದ ಎಷ್ಟೋ ಎತ್ತು ಉಳಿಸಿದ್ದಾರೆ.

ಡಾಕ್ಟರ್: ನಿಮ್ಮ ಅಜ್ಜ ಎತ್ತನ್ನು ಕಣ್ಣಾರೆ ನೋಡಿ ಕೊಟ್ಟರು. ಈ ಮೆಸೇಜ್ ಕಳಿಸಿದವರು ಜಿಂಕೆಯನ್ನು ನೋಡಿಲ್ಲ. ಗಳಲೆ ಬಂದ ಪ್ರಾಣಿ ಒಂದೇ ದಿನದಲ್ಲಿ ಸಾಯಬಹುದು. 2025ರ ನವೆಂಬರ್‌ನಲ್ಲಿ ಭೂತರಾಮನಹಟ್ಟಿಯಲ್ಲಿ ಕೆಲವೇ ದಿನದಲ್ಲಿ 31 ಕೃಷ್ಣಮೃಗ ಸತ್ತದ್ದು ಇದೇ ರೋಗದಿಂದ. ಅದಕ್ಕೆ ಬೇಗ ಆ್ಯಂಟಿಬಯಾಟಿಕ್ ಬೇಕು. ಸುತ್ತಲಿನ ಊರುಗಳ ದನಗಳಿಗೆ ಮಳೆಗಾಲದ ಮುಂಚೆ ಲಸಿಕೆ ಬೇಕು. ಆ ಮೆಸೇಜನ್ನು ಇನ್ಯಾರಿಗೂ ಕಳಿಸಬೇಡಿ.

ಹಳೇ ಹುಬ್ಬಳ್ಳಿ: ನಾನು ಬೇರೆ ಮಾತು ಹೇಳುತ್ತೇನೆ. ಗಂಟೆಯ ದಾರಿ ಅನ್ನುತ್ತೀರಿ. ನಮ್ಮ ಓಣಿಯಲ್ಲಿ ದಿನಗೂಲಿಯವರು ಜಾಸ್ತಿ. ಐದು ಜನ ಗದಗಕ್ಕೆ ಹೋಗಿಬರಲು ಬಸ್ಸು, ಊಟ, ಟಿಕೆಟ್, ಒಂದು ದಿನದ ಕೂಲಿ. ಕಾರಿದ್ದವರಿಗೆ ಗಂಟೆಯ ದಾರಿ. ಬಡವರ ಮಕ್ಕಳು ಹುಲಿ ನೋಡಬಾರದಾ?

ಡಾಕ್ಟರ್: ಇವತ್ತು ಬಂದ ಪ್ರಶ್ನೆಗಳಲ್ಲಿ ಇದು ತೂಕದ್ದು. ನೋಡಬೇಕು. ಇದಕ್ಕೆ ಸರ್ಕಾರಿ ಶಾಲೆಗಳಿಂದ ಬಿಂಕದಕಟ್ಟಿಗೆ ಉಚಿತ ಬಸ್ಸು ಬಿಡಲಿ. ಹೊಸ ಜೂಗೆ ಬೀಳುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಕರೆದೊಯ್ಯಲಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಟಿಕೆಟ್ ಇಲ್ಲ, ಬೋನಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟು ಜನ ಅದನ್ನು ನೋಡಿದ್ದಾರೆ?

ಹಳೇ ಹುಬ್ಬಳ್ಳಿ: ಬಸ್ಸು ಒಂದು ವರ್ಷ ಬಿಟ್ಟು ನಿಲ್ಲಿಸುತ್ತಾರೆ ಮೇಡಂ. ಜೂ ಆದರೆ ಊರಲ್ಲೇ ಇರುತ್ತದೆ.

ಡಾಕ್ಟರ್: ಬಸ್ಸು ನಿಂತರೆ ಮಕ್ಕಳಿಗೆ ಬೇಜಾರು. ಜೂಗೆ ದುಡ್ಡು ನಿಂತರೆ ಪ್ರಾಣಿ ಒಳಗೇ ಇರುತ್ತದೆ, ಹೊರಗೆ ಬರಲು ಆಗುವುದಿಲ್ಲ. ನನ್ನ ಚಿಂತೆ ಅದು.

ಭೈರಿದೇವರಕೊಪ್ಪ: ಮೇಡಂ, ನಮ್ಮ ತಾರಸಿಯಲ್ಲಿ ನವಿಲು ಮೊಟ್ಟೆ ಇಟ್ಟಿದೆ, ಏನು ಮಾಡಲಿ?

ತಾರಿಹಾಳ: ಪ್ರಾಣಿಗಳನ್ನು ಕೂಡಿ ಹಾಕುವುದೇ ತಪ್ಪು. ಇರುವ ಜೂಗಳನ್ನೂ ಮುಚ್ಚಬೇಕು.

ಡಾಕ್ಟರ್: ಮುಚ್ಚಿ ಎಲ್ಲಿಗೆ ಕಳಿಸುತ್ತೀರಿ? ಸರ್ಕಸ್‌ನಿಂದ ಬಿಡಿಸಿ ತಂದ ಸಿಂಹ, ಕುಣಿಸುವವರಿಂದ ತಂದ ಕರಡಿ, ಕಾಲು ಕಳೆದುಕೊಂಡ ಚಿರತೆ ಕಾಡಿನಲ್ಲಿ ಬದುಕುವುದಿಲ್ಲ. ಬನ್ನೇರುಘಟ್ಟದಲ್ಲಿ, ಮೈಸೂರಿನ ಕೂರ್ಗಳ್ಳಿಯಲ್ಲಿ ಇಂಥವನ್ನು ಸಾಕುತ್ತಾರೆ. ನಮ್ಮ ಊರಿಗೆ ಏನಾದರೂ ಬೇಕಿದ್ದರೆ ಅಂಥದ್ದು ಬೇಕು. 2021ರ ಸೆಪ್ಟೆಂಬರ್ ನೆನಪಿದೆಯಾ? ನೃಪತುಂಗ ಬೆಟ್ಟದಲ್ಲಿ ಚಿರತೆ ಕಂಡು ಶಾಲೆಗಳಿಗೆ ರಜೆ ಕೊಟ್ಟರು. ಕವಲಗೇರಿಯಲ್ಲಿ ಒಂದು ಚಿರತೆ ಬೋನಿಗೆ ಬಿತ್ತು. ಅಂಥ ಹೊತ್ತಿಗೆ ಅರಿವಳಿಕೆ ಕೊಡಲು ಬರುವ ವೈದ್ಯರು, ಒಂದು ಸಣ್ಣ ಚಿಕಿತ್ಸಾ ಕೇಂದ್ರ, ಒಂದು ವಾಹನ. ಜನ ನೋಡಲು ಬರುವ ಜಾಗ ಅಲ್ಲ, ಫಲಕವೂ ಬೇಡ. ಇದಕ್ಕೆ ಒತ್ತಾಯ ಮಾಡಿ, ನಾನೂ ಸಹಿ ಹಾಕುತ್ತೇನೆ.

ಟ್ರಸ್ಟ್ ಸದಸ್ಯ: ಮೇಡಂ, ಎರಡೂ ಕಡೆ ಫೋನ್ ಮಾಡಿದೆವು. ರಕ್ತ ಬಂದಿಲ್ಲ. ಕತ್ತು ಬಾತಿಲ್ಲ. ಎಡಗಡೆ ಹೊಟ್ಟೆ ಉಬ್ಬಿತ್ತು, ನೀರಿನಂತೆ ಭೇದಿ ಆಗಿತ್ತು. ಮೊನ್ನೆ ಪಕ್ಕದ ಕಲ್ಯಾಣ ಮಂಟಪದಿಂದ ಉಳಿದ ಅನ್ನ, ಹೋಳಿಗೆ ಎರಡು ಪಾತ್ರೆ ತಂದು ಹಾಕಿದ್ದರು. ಪುಣ್ಯದ ಕೆಲಸ ಅಂತ ಯಾರೂ ಬೇಡ ಅನ್ನಲಿಲ್ಲ.

ಡಾಕ್ಟರ್: ಇದನ್ನು ಕೇಳಿದ ಮೇಲೆ ನನಗೆ ಗಳಲೆಗಿಂತ ಹೊಟ್ಟೆಯ ಮೇಲೇ ಅನುಮಾನ ಜಾಸ್ತಿ. ಮೇವು ತಿನ್ನುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಒಮ್ಮೆಲೇ ಅನ್ನ, ಬೆಲ್ಲ ಬಿದ್ದರೆ ಬೇರೆ ಜಾತಿಯವು ಹೆಚ್ಚಿ ಎಲ್ಲ ಹುಳಿಯಾಗುತ್ತದೆ. ಆ ಹುಳಿ ರಕ್ತಕ್ಕೆ ಸೇರುತ್ತದೆ, ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಸಾವು. ಮೊದಲು ನುಗ್ಗಿ ತಿನ್ನುವ ಬಲವಾದ ಗಂಡುಗಳೇ ಮೊದಲು ಸಾಯುತ್ತವೆ. ಸತ್ತವು ದೊಡ್ಡ ಗಂಡುಗಳಾ?

ಟ್ರಸ್ಟ್ ಸದಸ್ಯ: ಹೌದು ಮೇಡಂ, ಮೂರೂ.

ಡಾಕ್ಟರ್: ಉಳಿದ ಅನ್ನ ತೆಗೆಯಿರಿ, ಒಣಹುಲ್ಲು ಮಾತ್ರ ಇಡಿ, ನೀರು ಧಾರಾಳ ಇರಲಿ. ಆದರೂ ಲ್ಯಾಬ್ ವರದಿ ಬರುವವರೆಗೆ ನನ್ನ ಮಾತನ್ನು ರೋಗನಿರ್ಣಯ ಅಂದುಕೊಳ್ಳಬೇಡಿ. ಹೆಣದ ವಿಷಯದಲ್ಲಿ ಹೇಳಿದ ಎಚ್ಚರಿಕೆ ಹಾಗೇ ಇರಲಿ.

ಇನ್ನೊಂದು ಮಾತು, ಕಹಿ ಅನಿಸಬಹುದು. ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ಜಿಂಕೆ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅರಣ್ಯ ಇಲಾಖೆಯವರಿಗೆ ಎಲ್ಲ ನಿಜ ಹೇಳಿ. ನಾಲ್ಕು ಜಿಂಕೆ 19 ಆದದ್ದು ಹೇಗೆ? ಅಪ್ಪ, ಮಗಳು, ಅಣ್ಣ, ತಂಗಿ ಅನ್ನದೆ ಒಂದೇ ಬೇಲಿಯೊಳಗೆ ಮರಿ ಹಾಕಿದ್ದರಿಂದ. ಗಂಡುಗಳನ್ನು ಬೇರೆ ಮಾಡಲು ಜಾಗವಿಲ್ಲ, ಹೊಸ ರಕ್ತ ಇಲ್ಲ. ಊರೂರಿನ ಜಿಂಕೆ ಪಾರ್ಕಿನ ಗತಿ ಇದೇ. ಇಂಥವನ್ನು ತುಂಬಲು ಹೊಸ ಜೂ ಕಟ್ಟಿದರೆ ಅದೂ ಹತ್ತು ವರ್ಷದಲ್ಲಿ ತುಂಬುತ್ತದೆ.

ಕಲ್ಯಾಣನಗರ: ಹಾಗಾದರೆ ಹುಬ್ಬಳ್ಳಿ-ಧಾರವಾಡಕ್ಕೆ ಜೂ ಬೇಕೋ ಬೇಡವೋ, ಒಂದೇ ಮಾತಲ್ಲಿ ಹೇಳಿ ಮೇಡಂ.

ಡಾಕ್ಟರ್: ಮೊದಲ ಉತ್ತರ ಓದಿ.

ಅಶೋಕನಗರ: ಹುಲಿಗೆ ಎಷ್ಟು ಜಾಗ ಬೇಕು? ನಮ್ಮ ಬಡಾವಣೆ ಪಕ್ಕ ಖಾಲಿ ಜಾಗ ಇದೆ.

ಡಾಕ್ಟರ್: ಒಂದು ಜೋಡಿಗೆ ಹೊರ ಆವರಣವೇ ಕನಿಷ್ಠ 1,000 ಚದರ ಮೀಟರ್. ಅದು ನಿಯಮದ ಅಂಚು, ಸುಖದ ಅಳತೆ ಅಲ್ಲ. ರಾತ್ರಿ ಮನೆ, ಆಸ್ಪತ್ರೆ, ಹೊಸ ಪ್ರಾಣಿಗಳನ್ನು ಪ್ರತ್ಯೇಕ ಇಡುವ ಜಾಗ ಬೇರೆ. ಪ್ರತ್ಯೇಕ ಇಡುವ ಜಾಗವನ್ನು ಯಾರೂ ಕೇಳುವುದಿಲ್ಲ. 2023ರಲ್ಲಿ ಬನ್ನೇರುಘಟ್ಟದಲ್ಲಿ ಬೆಕ್ಕಿನ ಜಾತಿಯ ಪ್ರಾಣಿಗಳಿಗೆ ಬರುವ ಒಂದು ವೈರಸ್‌ನಿಂದ 7 ಚಿರತೆ ಮರಿಗಳು ಸತ್ತವು. ಅವಕ್ಕೆ ಲಸಿಕೆ ಹಾಕಲಾಗಿತ್ತು. ಅಷ್ಟು ವೈದ್ಯರಿರುವ ಕಡೆಯೇ ಹೀಗೆ.

ವಿದ್ಯಾನಗರ: ಕ್ಷಮಿಸಿ ಮೇಡಂ, ನೀವು ಬರೀ ಸಾವಿನ ಲೆಕ್ಕ ಹೇಳುತ್ತೀರಿ. ದಕ್ಷಿಣದವರಿಗೆ ಸಿಕ್ಕಾಗ ಈ ಮಾತು ಯಾರೂ ಆಡಲಿಲ್ಲ. ಉತ್ತರ ಕರ್ನಾಟಕ ಅಂದ ಕೂಡಲೇ ನೂರು ಅಡ್ಡಿ.

ಡಾಕ್ಟರ್: ಗದಗ, ಬೆಳಗಾವಿ, ಹಂಪಿ ಹತ್ತಿರದ ಕಮಲಾಪುರ, ಈ ಜೂಗಳು ಯಾವ ಕರ್ನಾಟಕದಲ್ಲಿವೆ?

ಉಣಕಲ್: ಸರಿಯಾಗಿ ಕೇಳಿದಿರಿ.

ವಿದ್ಯಾನಗರ: ನೀವು ಸುಮ್ನೆ ಇರಿ, ನಿಮ್ಮನ್ನು ಕೇಳಲಿಲ್ಲ.

ಉಣಕಲ್: ಗುಂಪು ನಿಮ್ಮಪ್ಪನದ್ದಾ?

ನವನಗರ: ಮೇಡಂಗೆ ಮನೆಮದ್ದೂ ಬೇಡ, ಜೂನೂ ಬೇಡ. ಎಲ್ಲದಕ್ಕೂ ಬೇಡ ಅನ್ನುವವರನ್ನು ಯಾಕೆ ಕರೆಸಿದಿರಿ?

ಡಾಕ್ಟರ್: ನವನಗರದವರೇ, ನೀವು ಈಗ ಪಾರಿವಾಳ ಸಾಕುವವರ ವಾಟ್ಸಾಪ್ ಗುಂಪಿನಲ್ಲೂ ಅದೇ ಕಷಾಯ ಹಾಕಿದ್ದೀರಿ, ಕೋಳಿಗೂ ಆಗುತ್ತದೆ ಅಂತ. ದಯವಿಟ್ಟು ತೆಗೆಯಿರಿ.

ಅಡ್ಮಿನ್: ವಿದ್ಯಾನಗರ, ಉಣಕಲ್ ಇಬ್ಬರ ಕೊನೆಯ ಮಾತು ಅಳಿಸುತ್ತೇನೆ. ಟ್ರಸ್ಟ್‌ನವರ ವಿಷಯ ಮುಗಿಯುವವರೆಗೆ ಬೇರೆಯವರು ಬರೆಯಬೇಡಿ.

ಟ್ರಸ್ಟ್ ಸದಸ್ಯ: ಮೇಡಂ, ಪಶುವೈದ್ಯರು, ಅರಣ್ಯದವರು ಬಂದಿದ್ದಾರೆ. ಕಿವಿಯಿಂದ ರಕ್ತ ತೆಗೆದರು. ಆಂಥ್ರಾಕ್ಸ್ ಕಾಣಲಿಲ್ಲ ಅಂದ ಮೇಲೆ ಹೊಟ್ಟೆ ತೆರೆದರು. ಒಳಗೆ ಅನ್ನ ಹಾಗೇ ಇತ್ತು, ಹುಳಿ ವಾಸನೆ. ಎರಡು ಪ್ಲಾಸ್ಟಿಕ್ ಚೀಲವೂ ಸಿಕ್ಕವು. ಮಾದರಿ ಲ್ಯಾಬ್‌ಗೆ ಹೋಗುತ್ತದೆ. ಇನ್ನೊಂದು ಮಂಕಾಗಿ ನಿಂತಿದೆ.

ಡಾಕ್ಟರ್: ಮಂಕಾದದ್ದನ್ನು ಅವರಿಗೇ ಬಿಡಿ, ಸುತ್ತ ಜನ ಸೇರಿಸಬೇಡಿ. ಉಳಿದವನ್ನು ಎಲ್ಲಿಗೆ ಸಾಗಿಸಬೇಕು ಅನ್ನುವುದನ್ನು ಅರಣ್ಯ ಇಲಾಖೆ ತೀರ್ಮಾನಿಸಲಿ, ನೀವಾಗಿ ಟೆಂಪೋ ಹತ್ತಿಸಬೇಡಿ. ಕಲ್ಯಾಣ ಮಂಟಪದವರಿಗೆ ಇವತ್ತೇ ಹೋಗಿ ಹೇಳಿ. ವರದಿ ಬಂದ ಮೇಲೆ ಇಲ್ಲೇ ಹಾಕಿ.